ಸ್ಲೀವೋ, ಬೈಪಾಸೋ? ಕೋಲಾರದವರು ಮೊದಲು ಕೇಳಬೇಕಾದ ಪ್ರಶ್ನೆಗಳು

ತೂಕ ಇಳಿಸುವ ಆಪರೇಷನ್ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಎಷ್ಟು ಕೆ.ಜಿ. ಇಳಿಯುತ್ತದೆ ಎಂದು, ಆಮೇಲೆ ಎಷ್ಟು ಖರ್ಚಾಗುತ್ತದೆ ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಮನೆ ಇಟ್ಟುಕೊಂಡು ಆಪರೇಷನ್‌ಗೆ ಬೆಂಗಳೂರಿಗೆ ಹೋಗುವವರು ಇವೆರಡಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಆಪರೇಷನ್ ಆಗಿ ಮೂರು ವರ್ಷ ಕಳೆದ ಮೇಲೆ ಒಂದು ರಾತ್ರಿ ಹೊಟ್ಟೆ ಹಿಂಡಿ ವಾಂತಿಯಾದರೆ, ನಾನು ಯಾರ ಬಳಿಗೆ ಹೋಗಬೇಕು? ಜಠರದ ಮೇಲೆ ಕತ್ತರಿ ಬೀಳುವುದು ಒಂದೆರಡು ಗಂಟೆಯ ಕೆಲಸ. ಅದರ ಜೊತೆ ಬದುಕುವುದು ಉಳಿದ ಆಯುಷ್ಯದ ಕೆಲಸ. ಯಾವ ಆಪರೇಷನ್ ಎಂಬ ಆಯ್ಕೆಯನ್ನು ಬಹುಮಟ್ಟಿಗೆ ಈ ಎರಡನೆಯ ಕೆಲಸವೇ ತೀರ್ಮಾನಿಸಬೇಕು ಎಂಬುದು ನನ್ನ ವಾದ.

ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡೋಣ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಇದು ಬೇರೆ. ಅದು ಮೈಕಟ್ಟು ತಿದ್ದುವ ಚಿಕಿತ್ಸೆ. ತೂಕ ಇಳಿಸುವ ಆಪರೇಷನ್‌ನಲ್ಲಿ, ಅಂದರೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ, ಕೊಬ್ಬನ್ನು ಮುಟ್ಟುವುದೇ ಇಲ್ಲ. ಸ್ಲೀವ್, ಬೈಪಾಸ್ ಎಂಬುವು ಅದರ ಎರಡು ಮುಖ್ಯ ಬಗೆಗಳು. ಜಠರವನ್ನು, ಕೆಲವೊಮ್ಮೆ ಸಣ್ಣ ಕರುಳನ್ನೂ ಮಾರ್ಪಡಿಸಿ ಹಸಿವಿನ ಲೆಕ್ಕಾಚಾರವನ್ನೇ ಬದಲಾಯಿಸುತ್ತಾರೆ.

ಯಾರಿಗೆ ಬೇಕು?

ಅಳತೆಗೋಲು ಬಿ.ಎಂ.ಐ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಅದು ಸಿಗುತ್ತದೆ. 160 ಸೆಂಟಿಮೀಟರ್ ಎತ್ತರದ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವರ ತೂಕ 64 ಕೆ.ಜಿ. ಆದರೆ ಬಿ.ಎಂ.ಐ. 25, ಸುಮಾರು 77 ಆದರೆ 30, ಸುಮಾರು 90 ಆದರೆ 35, 102 ದಾಟಿದರೆ 40. ಭಾರತೀಯರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ, ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಹಾಗಾಗಿ ನಮ್ಮಲ್ಲಿ 25ನ್ನೇ ಬೊಜ್ಜಿನ ಗೆರೆ ಎಂದು ಹಿಡಿಯುತ್ತಾರೆ.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಬಹುಕಾಲ ಚಾಲ್ತಿಯಲ್ಲಿತ್ತು: ಬಿ.ಎಂ.ಐ. 40 ಇರಬೇಕು, ಇಲ್ಲವೇ 35ರ ಜೊತೆಗೆ ಗಂಭೀರ ಕಾಯಿಲೆ ಇರಬೇಕು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸಂಘಗಳು ಅದನ್ನು ಸಡಿಲಿಸಿದವು. 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಿಫಾರಸು ಮಾಡಬಹುದು, 30 ದಾಟಿ ಸಕ್ಕರೆ ಕಾಯಿಲೆಯಂಥವು ಇದ್ದರೆ ಪರಿಗಣಿಸಬಹುದು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ನಮ್ಮ ಉದಾಹರಣೆಯವರಿಗೆ 27.5 ಎಂದರೆ ಬರೀ 70 ಕೆ.ಜಿ. ಚಿಲ್ಲರೆ. ‘ಯೋಚಿಸಬಹುದು’ ಎಂಬುದನ್ನು ‘ಮಾಡಿಸಿಕೊಳ್ಳಲೇಬೇಕು’ ಎಂದು ಓದಿಕೊಳ್ಳುವ ಜಾಹೀರಾತುಗಳಿಗೆ ಕೊರತೆಯಿಲ್ಲ, ಎಚ್ಚರ ಇರಲಿ.

ಇನ್ನು ವಿಮೆಯ ಗೆರೆಯೇ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐ.ಆರ್.ಡಿ.ಎ.ಐ. ರೂಪಿಸಿರುವ ಪ್ರಮಾಣಿತ ಷರತ್ತು ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿದೆ. ರೋಗಿಗೆ 18 ವರ್ಷ ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿ.ಎಂ.ಐ. 40 ಇರಬೇಕು. 35 ಇದ್ದರೆ ಅದರ ಜೊತೆಗೆ ಹೃದಯದ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಅಥವಾ ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ ಇರಬೇಕು, ಆಪರೇಷನ್ ಅಲ್ಲದ ದಾರಿಗಳು ಸೋತಿರಬೇಕು. ಅಂದರೆ 160 ಸೆಂ.ಮೀ. ಎತ್ತರದ, 85 ಕೆ.ಜಿ. ತೂಕದ, ಸಕ್ಕರೆ ಕಾಯಿಲೆ ಇರುವ ಒಬ್ಬರಿಗೆ ವೈದ್ಯಶಾಸ್ತ್ರ ‘ಆಗಬಹುದು’ ಎನ್ನುತ್ತದೆ, ವಿಮಾ ಕಂಪನಿ ‘ಆಗದು’ ಎನ್ನುತ್ತದೆ. ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಹಿಂದೆ ಪಥ್ಯ, ಮಾತ್ರೆ, ವ್ಯಾಯಾಮ ಮಾಡಿದ್ದಕ್ಕೆ ವೈದ್ಯರ ಚೀಟಿಗಳಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ‘ಬೇರೆ ದಾರಿ ಸೋತಿದೆ’ ಎಂದು ತೋರಿಸಲು ಬಾಯಿಮಾತು ಸಾಲದು.

ಕತ್ತರಿ ಏನು ಮಾಡುತ್ತದೆ?

ಪಥ್ಯ ಮಾಡಿ ತೂಕ ಇಳಿಸಿದವರಿಗೆ ಅದು ಮತ್ತೆ ಏರುವುದು ಛಲ ಸಾಲದ್ದರಿಂದ ಎಂದು ನೆಂಟರಿಷ್ಟರು ಅಂದುಕೊಳ್ಳುತ್ತಾರೆ. ದೇಹದ ಲೆಕ್ಕ ಹಾಗಿಲ್ಲ. ತೂಕ ಇಳಿದೊಡನೆ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆ ಹಚ್ಚಿದ ಈ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದ ಉಬ್ಬಿನಲ್ಲಿ.

ಸ್ಲೀವ್ ಆಪರೇಷನ್‌ನಲ್ಲಿ ಆ ಉಬ್ಬನ್ನೂ ಸೇರಿಸಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಸ್ವಾರಸ್ಯವೆಂದರೆ, ತೀರಾ ಹೆಚ್ಚು ತೂಕದವರಿಗೆ ಮಾಡುವ ದೊಡ್ಡ ಆಪರೇಷನ್ನಿನ ಮೊದಲ ಕಂತಾಗಿ ಇದು ಶುರುವಾಯಿತು. ಮೊದಲ ಕಂತಿಗೇ ಸಾಕಷ್ಟು ತೂಕ ಇಳಿದದ್ದನ್ನು ಕಂಡ ಮೇಲೆ ಅದೇ ಸ್ವತಂತ್ರ ಚಿಕಿತ್ಸೆಯಾಯಿತು. ಕತ್ತರಿಸಿದ ಜಠರವನ್ನು ಮತ್ತೆ ಜೋಡಿಸಲು ಬರುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಬೈಪಾಸ್ ಇದಕ್ಕಿಂತ ಹಳೆಯದು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಸಣ್ಣಗಾಗುವುದನ್ನು ಗಮನಿಸಿದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಇದಕ್ಕೆ ನಾಂದಿ ಹಾಡಿದರು. ಇಂದಿನ ರೂಪದಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರೆ ಮಾಡಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಹೊಲಿಯುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಆಹಾರ ಕರುಳಿಗೆ ಬೇಗ ತಲುಪುವುದರಿಂದ ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಜಿ.ಎಲ್.ಪಿ.-1ರಂಥ ಹಾರ್ಮೋನುಗಳು ಏರುತ್ತವೆ. ಕೆಲವರಿಗೆ ತೂಕ ಇಳಿಯುವ ಮೊದಲೇ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯತೊಡಗುವುದಕ್ಕೆ ಇದೂ ಒಂದು ಕಾರಣ. ಎರಡು ಜೋಡಣೆಯ ಬದಲು ಒಂದೇ ಜೋಡಣೆ ಇರುವ ‘ಮಿನಿ ಬೈಪಾಸ್’ ಕೂಡ ನಮ್ಮ ದೇಶದಲ್ಲಿ ಚಾಲ್ತಿಯಲ್ಲಿದೆ. ಸಮಯ ಕಡಿಮೆ, ತೂಕ ಚೆನ್ನಾಗಿ ಇಳಿಯುತ್ತದೆ, ಆದರೆ ಪಿತ್ತರಸ ಮೇಲಕ್ಕೆ ನುಗ್ಗುವ ಸಾಧ್ಯತೆ ಇದೆ. ಹೆಸರಿನಲ್ಲಿ ಮಿನಿ ಇದೆಯೆಂದು ಪೋಷಕಾಂಶದ ಕೊರತೆಯೂ ಮಿನಿ ಆಗಿರುವುದಿಲ್ಲ.

ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಜಾರುವುದು, ಸವೆಯುವುದು, ಕೊನೆಗೆ ತೆಗೆಸುವುದು ಹೆಚ್ಚಾಗಿ ಈಗ ಬಹುತೇಕ ಕೈಬಿಟ್ಟಿದ್ದಾರೆ. ಬಾಯಿಯ ಮೂಲಕ ಇಳಿಸುವ ಬಲೂನನ್ನು ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ, ತೆಗೆದ ಮೇಲೆ ತೂಕ ಮರಳುವುದೇ ಹೆಚ್ಚು. ಮಗಳ ಮದುವೆಯ ಹೊತ್ತಿಗೆ ಸಣ್ಣಗಾಗಬೇಕು ಎನ್ನುವವರಿಗೆ ಅದು ಆಕರ್ಷಕವಾಗಿ ಕಂಡೀತು. ಸಕ್ಕರೆ ಕಾಯಿಲೆಗೆ ದೀರ್ಘಕಾಲದ ಪರಿಹಾರವಾಗಿ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡರಲ್ಲಿ ಯಾವುದು?

ಒಂದೆರಡು ವರ್ಷಗಳ ಹೊತ್ತಿಗೆ ಸ್ಲೀವ್‌ನಿಂದ ಒಟ್ಟು ತೂಕದ ಸುಮಾರು ಕಾಲು ಭಾಗ, ಬೈಪಾಸ್‌ನಿಂದ ಶೇಕಡಾ 30ರ ಆಸುಪಾಸು ಇಳಿಯುತ್ತದೆ. ಆಮೇಲೆ ಸ್ವಲ್ಪ ಮರಳುವುದು ಎರಡರಲ್ಲೂ ಸಾಮಾನ್ಯ. 2018ರಲ್ಲಿ ಫಿನ್ಲೆಂಡ್ ಮತ್ತು ಸ್ವಿಟ್ಜರ್ಲೆಂಡ್‌ಗಳಿಂದ ಐದು ವರ್ಷಗಳ ಹೋಲಿಕೆಯ ಎರಡು ಅಧ್ಯಯನಗಳು ಬಂದವು. ತೂಕದ ವಿಷಯದಲ್ಲಿ ಬೈಪಾಸ್ ತುಸು ಮುಂದಿತ್ತು, ಭಾರಿ ಅಂತರವೇನೂ ಇರಲಿಲ್ಲ. ದೊಡ್ಡ ವ್ಯತ್ಯಾಸ ಕಂಡದ್ದು ಎದೆಯುರಿಯಲ್ಲಿ. ಸ್ವಿಸ್ ಅಧ್ಯಯನದಲ್ಲಿ ಸ್ಲೀವ್ ಆದವರ ಪೈಕಿ ಶೇ. 32ರಷ್ಟು ಮಂದಿಗೆ ಎದೆಯುರಿ ಹದಗೆಟ್ಟಿತು, ಬೈಪಾಸ್ ಆದವರಲ್ಲಿ ಶೇ. 6ರಷ್ಟು ಮಂದಿಗೆ.

ನಮ್ಮ ಕಡೆ ಎದೆಯುರಿಯನ್ನು ‘ಗ್ಯಾಸ್’ ಎಂಬ ಒಂದೇ ಖಾತೆಗೆ ಹಾಕುವುದು ರೂಢಿ. ಔಷಧಿ ಅಂಗಡಿಯಲ್ಲಿ ಒಂದು ಗ್ಯಾಸ್ ಮಾತ್ರೆ ತೆಗೆದುಕೊಂಡು ನುಂಗಿದರೆ ಆಯಿತು. ವೈದ್ಯರು ‘ಬೇರೆ ಏನಾದರೂ ತೊಂದರೆ ಇದೆಯೇ’ ಎಂದು ಕೇಳಿದಾಗ ಅದನ್ನು ಹೇಳುವುದೇ ಇಲ್ಲ. ಇಲ್ಲಿ ಹೇಳಲೇಬೇಕು. ವರ್ಷಗಟ್ಟಲೆ ಹುಳಿತೇಗು, ರಾತ್ರಿ ಮಲಗಿದಾಗ ಗಂಟಲಿಗೆ ಬರುವ ಹುಳಿನೀರು ಇದ್ದರೆ ಸ್ಲೀವ್ ಅದನ್ನು ಇನ್ನಷ್ಟು ಕೆಡಿಸಬಹುದು. ಆಪರೇಷನ್‌ಗೆ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದ ಸ್ಥಿತಿ ನೋಡುವುದು ಇದಕ್ಕಾಗಿಯೇ. ಜಠರದಲ್ಲಿ ಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇದೆಯೇ ಎಂದೂ ಆಗ ಪರೀಕ್ಷಿಸುತ್ತಾರೆ.

ಸಕ್ಕರೆ ಕಾಯಿಲೆಗೆ ಆಪರೇಷನ್ ಮಾಡಿಸಿಕೊಳ್ಳುವವರು ಇನ್ನೊಂದು ಅಂಕಿಯನ್ನು ತಿಳಿದಿರಲಿ. ಅಮೆರಿಕದಲ್ಲಿ 150 ಸಕ್ಕರೆ ರೋಗಿಗಳನ್ನು ಹಿಂಬಾಲಿಸಿದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ, ಐದು ವರ್ಷಗಳ ನಂತರ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಶೇ. 6.0 ಅಥವಾ ಅದಕ್ಕೂ ಕೆಳಗೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ. 29, ಸ್ಲೀವ್ ಗುಂಪಿನಲ್ಲಿ ಶೇ. 23, ಬರೀ ಔಷಧಿಯ ಗುಂಪಿನಲ್ಲಿ ಶೇ. 5. ಔಷಧಿಗಿಂತ ಆಪರೇಷನ್ ಎಷ್ಟೋ ಮೇಲು ಎಂಬುದು ಸ್ಪಷ್ಟ. ‘ಸಕ್ಕರೆ ಕಾಯಿಲೆ ಶಾಶ್ವತವಾಗಿ ವಾಸಿ’ ಎಂಬ ಮಾತಿಗೆ ಆಧಾರವಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. ಕಾಯಿಲೆ ಹೊಸದಾಗಿದ್ದಷ್ಟೂ, ಇನ್ಸುಲಿನ್ ಇನ್ನೂ ಶುರುವಾಗದಿದ್ದಷ್ಟೂ ಫಲ ಹೆಚ್ಚು. ಹದಿನೈದು ವರ್ಷ ಕಾದು, ಇನ್ಸುಲಿನ್ ಏರಿಸಿ ಏರಿಸಿ, ಕೊನೆಯ ಅಸ್ತ್ರವೆಂದು ಬರುವವರಿಗೆ ಅದು ಕಡಿಮೆ.

ಜೀವಕ್ಕೆ ಅಪಾಯವೆಷ್ಟು? ಅನುಭವವಿರುವ ಕೇಂದ್ರಗಳಲ್ಲಿ ಮೊದಲ ತಿಂಗಳ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು. ಹೊಲಿಗೆಯ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಮುಖ್ಯ ಭಯಗಳು. ತಕ್ಕಡಿಯ ಇನ್ನೊಂದು ಬದಿಯನ್ನೂ ನೋಡಬೇಕು. 1987ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ಆಪರೇಷನ್ ಆದವರನ್ನು ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ, ಆಪರೇಷನ್ ಇಲ್ಲದ ಬೊಜ್ಜಿನವರ ಜೊತೆ ಹೋಲಿಸಿತು. ಆಪರೇಷನ್ ಆದವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ವರದಿ ಮಾಡಿತು. ಏನೂ ಮಾಡದೆ ಇರುವುದೂ ಅಪಾಯವಿಲ್ಲದ ಆಯ್ಕೆಯಲ್ಲ.

ಮುದ್ದೆಯ ಪ್ರಶ್ನೆ

ಆಸ್ಪತ್ರೆಯವರು ಕೊಡುವ ಆಹಾರದ ಚೀಟಿಯಲ್ಲಿ ಓಟ್ಸ್ ಇರುತ್ತದೆ, ಪನೀರ್ ಇರುತ್ತದೆ, ಸೂಪ್ ಇರುತ್ತದೆ. ರಾಗಿ ಮುದ್ದೆಯ ಬಗ್ಗೆ ಒಂದು ಸಾಲು ಬರೆದಿದ್ದರೆ ಅದೃಷ್ಟ. ಕೋಲಾರದ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆ ಅದೇ.

ಆಪರೇಷನ್ ಆದವರಿಗೆ ಹೇಳಿಕೊಡುವ ಮೊದಲ ಪಾಠ, ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿಯುವುದು. ಮುದ್ದೆಯ ಧರ್ಮವೇ ಅದಕ್ಕೆ ತದ್ವಿರುದ್ಧ. ಅದನ್ನು ಅಗಿಯುವವನನ್ನು ಪಂಕ್ತಿಯಲ್ಲಿ ಕಂಡರೆ ಯಾವ ಊರಿನವನೆಂದು ಕೇಳುತ್ತಾರೆ! ಸಾರಿನಲ್ಲಿ ಅದ್ದಿ ಗುಳುಂ ಎನಿಸುವ ಆ ಅಂಟಿನ ತುತ್ತು ಕಿರಿದಾದ ಜಠರದ ದಾರಿಯಲ್ಲಿ ಸಿಕ್ಕಿಕೊಂಡರೆ ಎದೆಯ ಮಧ್ಯೆ ನೋವು, ಬಾಯಿ ತುಂಬ ಜೊಲ್ಲು, ಆಮೇಲೆ ವಾಂತಿ. ಮೊದಲ ಎರಡು ವಾರ ಬರೀ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಆರೆಂಟು ವಾರಗಳ ಹೊತ್ತಿಗೆ ಮನೆಯ ಊಟ, ಇದು ಸಾಮಾನ್ಯ ಕ್ರಮ. ಆಗಲೂ ಮುದ್ದೆ ಬೇಕೆಂದರೆ ನಿಂಬೆಹಣ್ಣಿನಷ್ಟನ್ನು ಸಣ್ಣ ಸಣ್ಣ ಚೂರು ಮಾಡಿ, ಅಗಿದು ತಿನ್ನುವುದನ್ನು ಹೊಸದಾಗಿ ಕಲಿಯಬೇಕು.

ಇನ್ನೊಂದು ತೊಡಕು ಪ್ರೋಟೀನಿನದು. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿರುವುದು 7 ಗ್ರಾಂ. ತಟ್ಟೆಯಲ್ಲಿ ಜಾಗವೇ ಅರ್ಧ ಬಟ್ಟಲಿನಷ್ಟು ಇರುವಾಗ ಅದನ್ನು ರಾಗಿ ಅಂಬಲಿಯಿಂದಲೋ ಅನ್ನದಿಂದಲೋ ತುಂಬಿಸಿದರೆ ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ. ಹಾಗಾಗಿ ಊಟದ ಕ್ರಮ ತಿರುವುಮುರುವಾಗಬೇಕು: ಮೊದಲು ಮೊಟ್ಟೆ, ಮೀನು, ಕೋಳಿ, ಗಟ್ಟಿ ಮೊಸರು, ಬೇಳೆ, ಸಿಪ್ಪೆ ಸುಲಿದ ಅವರೆಕಾಳು, ಹುರುಳಿ. ಕೊನೆಗೆ ಜಾಗ ಉಳಿದರೆ ಮುದ್ದೆ. ಹೈನುಗಾರಿಕೆಯ ಜಿಲ್ಲೆಯವರಾದ ನಮಗೆ ಹಾಲು ಮೊಸರಿಗೆ ಬರವಿಲ್ಲ ಎಂಬುದೊಂದು ಅನುಕೂಲ. ಬಸ್ಸಾರಿನ ನೀರನ್ನು ಬಟ್ಟಲು ಬಟ್ಟಲು ಕುಡಿಯುವ ಬದಲು ಅದರ ಕಾಳನ್ನು ತಿನ್ನಬೇಕು, ಕುಡಿಯುವುದಕ್ಕೂ ತಿನ್ನುವುದಕ್ಕೂ ಅರ್ಧ ಗಂಟೆ ಅಂತರ ಇರಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಆದರೆ ಅಗತ್ಯ 1,200 ಮಿಲಿಗ್ರಾಂ ದಾಟುವಾಗ, ತಿನ್ನುವ ರಾಗಿ ಎರಡು ಚಮಚೆಯಾದಾಗ, ರಾಗಿ ತಿನ್ನುತ್ತೇನಲ್ಲ ಎಂದು ಮಾತ್ರೆ ಬಿಡುವಂತಿಲ್ಲ.

ಬೈಪಾಸ್ ಆದವರಿಗೆ ಸಿಹಿಯೂ ಪರೀಕ್ಷೆಯೇ. ಸಕ್ಕರೆ ಒಮ್ಮೆಲೇ ಕರುಳಿಗೆ ನುಗ್ಗಿದರೆ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ, ಭೇದಿಯಾಗುತ್ತದೆ. ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ರಸ ಹಿಂಡಿ ಕುಡಿಯುವುದು ಇನ್ನು ಸಾಧ್ಯವಿಲ್ಲ. ಮದ್ಯವೂ ರಕ್ತಕ್ಕೆ ಬೇಗ ಏರುತ್ತದೆ, ಹಿಂದಿನ ಅಳತೆ ನಂಬಿ ಕುಡಿದು ಬೈಕ್ ಹತ್ತುವವರು ಇದನ್ನು ತಿಳಿದಿರಬೇಕು.

ಇಂಜೆಕ್ಷನ್ ಇದೆಯಲ್ಲ?

ಟಿರ್ಜೆಪಟೈಡ್, ಮೌಂಜಾರೊ ಎಂಬ ಹೆಸರಿನಲ್ಲಿ, ಮತ್ತು ಸೆಮಾಗ್ಲುಟೈಡ್, ವಿಗೋವಿ ಎಂಬ ಹೆಸರಿನಲ್ಲಿ, 2025ರಲ್ಲಿ ಭಾರತಕ್ಕೆ ಬಂದವು. ವಾರಕ್ಕೊಂದು ಚುಚ್ಚುಮದ್ದು. ಪ್ರಯೋಗಗಳಲ್ಲಿ ಒಂದು ವರ್ಷ ದಾಟಿದ ಮೇಲೆ ಸೆಮಾಗ್ಲುಟೈಡ್ ಸರಾಸರಿ ಶೇ. 15ರಷ್ಟು, ಟಿರ್ಜೆಪಟೈಡ್ ಗರಿಷ್ಠ ಪ್ರಮಾಣದಲ್ಲಿ ಶೇ. 20ರಷ್ಟು ತೂಕ ಇಳಿಸಿದವು. ಸ್ಲೀವ್‌ಗೆ ಹತ್ತಿರ ಬಂದಿವೆ. ಬಿ.ಎಂ.ಐ. 30ರ ಆಸುಪಾಸಿನವರು ಕತ್ತರಿಗಿಂತ ಮೊದಲು ಇವುಗಳ ಬಗ್ಗೆ ವೈದ್ಯರೊಡನೆ ಮಾತನಾಡುವುದು ಸರಿಯೆಂದೇ ನನಗೆ ಅನಿಸುತ್ತದೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಮರಳಿತ್ತು. ತಿಂಗಳು ತಿಂಗಳಿನ ಈ ಖರ್ಚನ್ನು ಹತ್ತು ವರ್ಷ ಹೊರಬಲ್ಲಿರಾ ಎಂಬುದನ್ನು ಕೂಡಿ ನೋಡಿ, ಆಮೇಲೆ ಆಪರೇಷನ್ ದುಬಾರಿಯೋ ಅಲ್ಲವೋ ಹೇಳಿ.

ಮನೆಗೆ ಬಂದ ಮೇಲೆ

ಆಪರೇಷನ್ ಮಾಡಿದವರು ಬೆಂಗಳೂರಿನಲ್ಲಿ. ಜ್ವರ, ಸುಸ್ತು, ಮಂಡಿನೋವು ಬಂದಾಗ ನೋಡುವವರು ಊರಿನ ಕ್ಲಿನಿಕ್ಕಿನವರು. ತೊಂದರೆ ಹುಟ್ಟುವುದು ಈ ಇಬ್ಬರ ನಡುವಿನ ಎಪ್ಪತ್ತು, ನೂರು ಕಿಲೋಮೀಟರಿನಲ್ಲಿ.

ಸಕ್ಕರೆ, ಬಿ.ಪಿ. ಮಾತ್ರೆಯನ್ನೇ ತೆಗೆದುಕೊಳ್ಳಿ. ಆಪರೇಷನ್ ಆದ ಕೂಡಲೇ ಅವುಗಳ ಪ್ರಮಾಣ ತಗ್ಗಿಸಬೇಕಾಗುತ್ತದೆ. ಹಳೆಯ ಚೀಟಿ ತೋರಿಸಿ ಮೊದಲಿನಷ್ಟೇ ಗ್ಲಿಮೆಪಿರೈಡ್ ತಂದು ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಮಂಡಿನೋವಿಗೆ ಡೈಕ್ಲೊಫೆನಾಕ್ ಚುಚ್ಚುವುದು ಎಲ್ಲ ಕಡೆ ಮಾಮೂಲು, ಆದರೆ ಬೈಪಾಸ್ ಆದವರಿಗೆ ಅಂಥ ನೋವುನಿವಾರಕಗಳು ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತವೆ. ಬೀಡಿ, ಸಿಗರೇಟೂ ಅದೇ ಕೆಲಸ ಮಾಡುತ್ತವೆ. ಇನ್ನು ಸುಸ್ತಾದವರಿಗೆ ಗ್ಲೂಕೋಸ್ ಡ್ರಿಪ್. ದಿನಗಟ್ಟಲೆ ವಾಂತಿಯಾಗಿ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುವಾಗ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಹಾನಿಯಾಗಬಹುದು. ಥಯಾಮಿನ್ ಮೊದಲು, ಗ್ಲೂಕೋಸ್ ಆಮೇಲೆ. ಸ್ಲೀವ್ ಆದವರಿಗೂ ಇದು ಅನ್ವಯಿಸುತ್ತದೆ.

ಮೊದಲಿಗೆ ಕೇಳಿದ ರಾತ್ರಿಯ ಹೊಟ್ಟೆನೋವಿನ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಬೈಪಾಸ್‌ನಲ್ಲಿ ಕರುಳನ್ನು ಹೊಸ ದಾರಿಯಲ್ಲಿ ಕೂರಿಸಿದಾಗ ಒಳಗೆ ಸಣ್ಣ ಸಂದುಗಳು ಉಳಿಯುತ್ತವೆ, ಅವನ್ನು ಹೊಲಿದಿದ್ದರೂ ಕೊಬ್ಬು ಕರಗಿದಂತೆ ತೆರೆದುಕೊಳ್ಳಬಹುದು. ತಿಂಗಳುಗಳ, ವರ್ಷಗಳ ನಂತರ ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಳ್ಳಬಹುದು. ನೋವು ಬಂದು ಹೋಗುತ್ತಿರುತ್ತದೆ, ‘ಗ್ಯಾಸ್’ ಎಂದು ಕಳಿಸಿಬಿಡುವುದು ಸುಲಭ. ತಡವಾದರೆ ಕರುಳು ಕೊಳೆಯುತ್ತದೆ. ಸಿ.ಟಿ. ಸ್ಕ್ಯಾನ್ ಮತ್ತು ಆಪರೇಷನ್ ಕೋಣೆ ಎರಡೂ ಹಗಲಿರುಳು ಸಿಗುವ, ನಿಮಗೆ ಹತ್ತಿರದ ಆಸ್ಪತ್ರೆ ಯಾವುದು ಎಂದು ಮೊದಲೇ ವಿಚಾರಿಸಿಡಬೇಕು. ಕೋಲಾರದ ಟಮಕದಲ್ಲಿರುವ ಬೋಧನಾ ಆಸ್ಪತ್ರೆಯೋ, ಬೇರೆಯದೋ, ಬೆಂಗಳೂರೇ ಆಗಬೇಕೋ ಎಂದು ಶಸ್ತ್ರಚಿಕಿತ್ಸಕರನ್ನೇ ಕೇಳಿ ಬರೆಸಿಕೊಳ್ಳಬೇಕು.

ಹಾಗಾಗಿ ನನ್ನ ತೂಗುವಿಕೆ ಹೀಗಿದೆ. ಎದೆಯುರಿ ಇಲ್ಲದವರು, ಊರು ದೂರವಿರುವವರು, ವರ್ಷಕ್ಕೊಮ್ಮೆಯಷ್ಟೇ ಬೆಂಗಳೂರಿಗೆ ಹೋಗಬಲ್ಲವರು ಸ್ಲೀವ್‌ನತ್ತ ವಾಲಬಹುದು. ಎದೆಯುರಿ ಜೋರಾಗಿರುವವರಿಗೆ, ಸಕ್ಕರೆ ಕಾಯಿಲೆಯೇ ಮುಖ್ಯ ಕಾರಣವಾದವರಿಗೆ ಬೈಪಾಸ್ ಒಳ್ಳೆಯದು, ಆದರೆ ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳನ್ನು ಜೀವನಪರ್ಯಂತ ನುಂಗಲು ಮತ್ತು ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಿಗೆ, ಆಮೇಲೆ ಪ್ರತಿ ವರ್ಷ ರಕ್ತಪರೀಕ್ಷೆ ಮಾಡಿಸಲು ಮನಸ್ಸಿದ್ದರೆ ಮಾತ್ರ. ಈಗಾಗಲೇ ಬಿ.ಪಿ. ಮಾತ್ರೆಯನ್ನು ನೆನಪಾದಾಗಷ್ಟೇ ನುಂಗುವವರು ಎರಡನ್ನೂ ಮುಂದೂಡಿ ಮೊದಲು ಆ ಅಭ್ಯಾಸ ಸರಿಪಡಿಸಿಕೊಳ್ಳಲಿ. ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಆಪರೇಷನ್ ನಂತರ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭ ಮುಂದೂಡಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳು ಸರಿಯಾಗಿ ಹೀರಲ್ಪಡದೇ ಇರಬಹುದು. ಈ ಮಾತನ್ನು ಅತ್ತೆಯ ಮುಂದೆ ಆಡಲು ಸಂಕೋಚವಾದರೆ ವೈದ್ಯರ ಬಳಿ ಒಬ್ಬರೇ ಹೋಗಿ ಕೇಳಿ.

ಆಸ್ಪತ್ರೆಯಿಂದ ಹೊರಡುವ ದಿನ ಒಂದು ಗಟ್ಟಿ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿಕೊಳ್ಳಿ: ಯಾವ ಆಪರೇಷನ್, ಯಾವ ದಿನಾಂಕ, ಕರುಳನ್ನು ಎಷ್ಟು ಉದ್ದ ಬಿಟ್ಟು ಜೋಡಿಸಿದ್ದಾರೆ, ಯಾವ ನೋವುನಿವಾರಕ ಕೊಡಬಾರದು, ಡ್ರಿಪ್‌ಗೆ ಮೊದಲು ಥಯಾಮಿನ್ ಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಅದರ ಒಂದು ನಕಲು ನಿಮ್ಮ ಪರ್ಸಿನಲ್ಲಿ, ಒಂದು ಮನೆಯವರ ಮೊಬೈಲಿನಲ್ಲಿ, ಒಂದು ನೀವು ಯಾವಾಗಲೂ ಹೋಗುವ ಕ್ಲಿನಿಕ್ಕಿನಲ್ಲಿ, ಇನ್ನೊಂದು ನಿಮ್ಮ ಔಷಧಿ ಅಂಗಡಿಯವರ ಬಳಿ ಇರಲಿ.